ಬದನಗುಪ್ಪೆಯಲ್ಲೂ ನಿಲ್ಲುವ ಮಹಡಿ ರೈಲು

ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಚಾಮರಾಜನಗರದಲ್ಲಿ ಮೇಷ್ಟ್ರ ಬಾಡಿಗೆ ಮನೆಯ ಮುಂದೆ. ಹಾಜರಿದ್ದವರು: ಮೇಷ್ಟ್ರು, ಅವರ ಹೆಂಡತಿ, ಬದನಗುಪ್ಪೆಯ ಹೂವಿನ ಪುಟ್ಟತಾಯಮ್ಮ, ಹಂಗಳದಿಂದ ಟೆಂಪೊ ತಂದಿದ್ದ ಮಹದೇವ, ಸಾಮಾನು ಎತ್ತಲು ಬಂದ ಇಬ್ಬರು ಆಳುಗಳು, ಮತ್ತು ನಾನು.

ನರ್ಸಾಗಿ ಸೇರಿದ ದಿನದಿಂದ ನಿವೃತ್ತಿಯವರೆಗೆ ಆಸ್ಪತ್ರೆಯ ವಾರ್ಡುಗಳಲ್ಲಿ ಡ್ಯೂಟಿ ರಿಪೋರ್ಟು ಬರೆದ ಕೈ ನನ್ನದು. ಏನು ಬರೆಯಲು ಕೂತರೂ ದಿನ, ಹೊತ್ತು, ಹಾಜರಿದ್ದವರು ಎಂದೇ ಶುರುವಾಗುತ್ತದೆ. ಈ ವಯಸ್ಸಿನಲ್ಲಿ ಆ ಅಭ್ಯಾಸ ಬಿಡಿಸುವುದು ಬೇಡವೆಂದು ಹಾಗೆಯೇ ಬಿಟ್ಟಿದ್ದೇನೆ.

ಅವತ್ತು ಮೇಷ್ಟ್ರು ಊರು ಬಿಡುತ್ತಿದ್ದರು. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಹುಟ್ಟೂರು ಗುಂಡ್ಲುಪೇಟೆಯಲ್ಲಿ ತಮ್ಮನ ಮನೆಯ ಪಕ್ಕ ಹೊಸ ಮನೆ ಕಟ್ಟಿಸಿ ಅಲ್ಲಿಗೆ ಹೊರಟಿದ್ದರು. ಈಗ ಅವರಿಲ್ಲ. ಸಾವಿನ ವಿವರವನ್ನು ನಾನು ನೌಕರಿಯಲ್ಲಿ ಬೇಕಾದಷ್ಟು ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಅವರ ಹೆಸರು ಗೊತ್ತಿದ್ದವರೂ ಕಡಿಮೆ. ಎಲ್ಲರಿಗೂ ಅವರು ಮಹಡಿ ಮೇಷ್ಟ್ರು.

ಪುಟ್ಟತಾಯಮ್ಮ ಮೈಸೂರಿನ ಮಾರ್ಕೆಟ್ಟಿಗೆ ಹೂವು ಹಾಕಿ, ಖಾಲಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ನೇರವಾಗಿ ಅಲ್ಲಿಗೇ ಬಂದಿದ್ದಳು. ಮಂಕರಿ ಎಂದರೆ ಸಣ್ಣ ಬುಟ್ಟಿಯಲ್ಲ. ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಒಳಗೆ ಕೂರಬಹುದಾದಷ್ಟು ಅಗಲದ ಬಿದಿರಿನ ಬುಟ್ಟಿ. ಅದನ್ನು ಜಗಲಿಯ ಮೇಲಿಟ್ಟು ಅವಳು ಕೇಳಿದಳು:

"ನೀವು ಓಯ್ತೀರಿ, ಸರಿ. ನಾಳಿಂದ ನನ್ ಮಂಕ್ರಿಗೆ ಜಾಗ ಯಾರು ಮಡಗ್ತಾರೆ ಮೇಷ್ಟ್ರೇ?"

ಮೇಷ್ಟ್ರು ಆಳುಗಳ ಕಡೆ ತಿರುಗಿ, "ಬೀರು ಮೊದಲು, ಬೀರು ಮೊದಲು," ಎಂದರು. ಉತ್ತರ ಗೊತ್ತಿಲ್ಲದಾಗ ಅವರು ಯಾವುದಾದರೂ ಕೆಲಸಕ್ಕೆ ಕೈಹಾಕುತ್ತಿದ್ದರು.

ಆ ಪ್ರಶ್ನೆ ಅಷ್ಟು ದೊಡ್ಡದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಚಾಮರಾಜನಗರದಿಂದ ಮೈಸೂರಿಗೆ ಇನ್ನೂ ಮೀಟರ್ ಗೇಜಿನ ಹಳಿ. ಬೆಳಗಿನ ರೈಲು ಇಲ್ಲಿಂದಲೇ ಹೊರಡುತ್ತಿದ್ದರೂ ಸೀಟು ಸಿಗುತ್ತಿರಲಿಲ್ಲ. ಕತ್ತಲಿರುವಾಗಲೇ ಬಂದವರು ಕಿಟಕಿಯಿಂದ ಟವಲು ಎಸೆದು, ತಮಗೊಂದು, ಸ್ನೇಹಿತನಿಗೊಂದು, ಇನ್ನೂ ಮನೆಯಲ್ಲಿ ಹಲ್ಲುಜ್ಜುತ್ತಿರುವ ಭಾವಮೈದುನನಿಗೊಂದು ಸೀಟು ಹಿಡಿದು ಕಾಫಿಗೆ ಹೋಗುತ್ತಿದ್ದರು. ಟವಲುಗಳು ಕೂತಿರುತ್ತಿದ್ದವು, ಹೆಂಗಸರು ನಿಂತಿರುತ್ತಿದ್ದರು.

ಒಂದು ಬೆಳಗ್ಗೆ ನಾನು ಹತ್ತಿದಾಗ ನಮ್ಮ ಡಬ್ಬಿಯ ಟವಲುಗಳೆಲ್ಲ ಕಿಟಕಿಯ ಸರಳುಗಳ ಮೇಲೆ ಸಾಲಾಗಿ, ಅಂಚಿಗೆ ಅಂಚು ಕೂಡಿಸಿ ಒಣಹಾಕಿದಂತೆ ನೇತಾಡುತ್ತಿದ್ದವು. ಬಿಳಿ ಅಂಗಿಯ, ಸಣಕಲು ಮೈಯ, ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಒಬ್ಬರು ಕೊನೆಯ ಟವಲಿನ ಸುಕ್ಕು ಬಿಡಿಸುತ್ತಿದ್ದರು. ನನ್ನನ್ನು ನೋಡಿ, "ಕೂತ್ಕೊಳ್ಳಿ ಸಿಸ್ಟರ್," ಎಂದು ಕಿಟಕಿಯ ಸೀಟು ತೋರಿಸಿದರು. ಸುಕ್ಕು ಬಿಡಿಸುವ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಕೂತೆ.

ಅಷ್ಟರಲ್ಲಿ ನಂಜನಗೂಡಿನ ಕಾರ್ಖಾನೆಗೆ ಹೋಗುವ ಒಬ್ಬ ಆಳೆತ್ತರದ ಯುವಕ ಕಾಫಿ ಮುಗಿಸಿ ಬಂದ.

"ಯಾವನ್ಲಾ ಅದು, ನನ್ ಟವಲ್ ತಗ್ದವ್ನು?"

"ನಾನೇ ಕಣಪ್ಪ," ಎಂದರು ಮೇಷ್ಟ್ರು. "ನಿನ್ ಟವಲ್‌ಗೆ ಪಾಸ್ ಅದಾ?"

"ಏನು?"

"ನಿನಗೆ ಪಾಸ್ ಅದೆ, ನಿನಗೆ ಜಾಗ ಅದೆ. ಟವಲ್‌ಗೂ ಪಾಸ್ ಮಾಡ್ಸಿದ್ರೆ ಹೇಳು, ಅದ್ನೂ ಕೂರ್ಸನ."

ಡಬ್ಬಿ ನಕ್ಕಿತು. ಯುವಕನ ಮುಖ ಕೆಂಪಾಯಿತು. "ಎಲ್ಲದೆ ಜಾಗ? ನಿಮ್ ತಲೆ ಮ್ಯಾಲಾ?"

"ತಲೆ ಮ್ಯಾಲೇ," ಎಂದು ಮೇಷ್ಟ್ರು ಕೊಡೆಯ ತುದಿಯಿಂದ ಮೇಲಕ್ಕೆ ತೋರಿಸಿದರು. ಮೇಲೆ ಸಾಮಾನಿಡುವ ಮರದ ಪಟ್ಟಿಗಳ ಅಟ್ಟಣೆ. "ಮಹಡಿ ಖಾಲಿ ಅದೆ. ಮೆಟ್ ಕಳಚಿ ಹತ್ತು."

ಆ ಹುಡುಗ ಏನಾದರೂ ಅನ್ನುತ್ತಾನೆಂದು ನಾನು ಕಾಯುತ್ತಿದ್ದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಹತ್ತಿ ಕೂತ. ಅಲ್ಲಿಂದ ಇಡೀ ಡಬ್ಬಿ ಕಾಣುತ್ತಿತ್ತು. ಖುಷಿಯಾಗಿರಬೇಕು. ನಂಜನಗೂಡಿನವರೆಗೂ ಇಳಿಯಲಿಲ್ಲ. ಮಾರನೆಯ ದಿನ ಜೊತೆಗೆ ಇಬ್ಬರನ್ನು ಕರೆತಂದ.

ಹೀಗೆ ನಮ್ಮ ಡಬ್ಬಿಯಲ್ಲಿ ಮಹಡಿ ಪದ್ಧತಿ ಬಂತು. ಗಟ್ಟಿ ಮೊಣಕಾಲಿನವರು ಮೇಲೆ, ಉಳಿದವರು ಕೆಳಗೆ. ಚಪ್ಪಲಿ ಚೀಲದೊಳಗೆ, ಕಾಲು ಮಡಚಿ, ಜೋತು ಬಿಡುವ ಹಾಗಿಲ್ಲ. ಊಟದ ಕ್ಯಾರಿಯರ್ ಮಾತ್ರ ಮಹಡಿಗೆ ಬರಕೂಡದು ಎಂಬ ನಿಯಮ ಆಮೇಲೆ ಸೇರಿತು. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರ ಬಿಳಿ ಅಂಗಿಯ ಮೇಲೆ ಸಾರು ತೊಟ್ಟಿಕ್ಕಿ, ಅವರು ಎದ್ದು ನಿಂತು, "ಮೇಷ್ಟ್ರೇ, ನಿಮ್ ಮಹಡಿ ಸೋರ್ತಾ ಇದೆ!" ಎಂದು ಕೂಗಿದ ಮೇಲೆ.

ಆದರೆ ಮೇಷ್ಟ್ರು ಒಂದು ತಪ್ಪು ಮಾಡಿದ್ದರು. ಜನರಿಗೆಲ್ಲ ಜಾಗ ಮಾಡಿದವರು ಹೂವಿಗೆ ಜಾಗ ಮಾಡಿರಲಿಲ್ಲ. ಬದನಗುಪ್ಪೆಯಲ್ಲಿ ಹತ್ತುವ ಪುಟ್ಟತಾಯಮ್ಮ ಅಲ್ಲಿಯವರೆಗೆ ಮಂಕರಿಯನ್ನು ಅದೇ ಅಟ್ಟಣೆಯ ಮೇಲಿಡುತ್ತಿದ್ದಳು. ಪದ್ಧತಿ ಬಂದ ಮೊದಲ ವಾರವೇ ಅವಳು ಬಾಗಿಲಲ್ಲಿ ತುಂಬಿದ ಮಂಕರಿ ಹೊತ್ತು ನಿಂತು ಮೇಲೆ ನೋಡಿದಳು.

"ಇದ್ಯಾರ್ ಮಾಡಿದ್ ಯವಸ್ತೆ? ಐಕ್ಳನ್ನ ಅಟ್ಟಕ್ ಏರ್ಸವ್ರಲ್ಲ, ನನ್ ಮಂಕ್ರಿ ಎಲ್ ಮಡಗ್ಲಿ? ಮಾಡಿದವ್ರ ತಲೆ ಮ್ಯಾಲೆ ಮಡಗ್ಲಾ?"

ಮೇಷ್ಟ್ರು ತಲೆ ಬಗ್ಗಿಸಿದರು. ಅವಳೂ ಹಿಂದೆ ಮುಂದೆ ನೋಡುವ ಹೆಂಗಸಲ್ಲ, ಮಡಗಿಯೇಬಿಟ್ಟಳು. ಡ್ರಾಯಿಂಗ್ ಮೇಷ್ಟ್ರು ಕವಲಂದೆ ದಾಟಿ, ನಂಜನಗೂಡಿನಲ್ಲಿ ಕಾರ್ಖಾನೆಯವರು ಇಳಿದು ಜಾಗವಾಗುವವರೆಗೆ ಸೇವಂತಿಗೆ ಮಂಕರಿ ಹೊತ್ತು ನಿಂತಿದ್ದರು. ಮೇಲಿನ ಹುಡುಗರು ಇಳಿಯುತ್ತೇವೆಂದರೂ ಬಿಡಲಿಲ್ಲ. "ಯೋಚನೆ ಮಾಡ್ತಾ ಇದೀನಿ, ಸುಮ್ನಿರ್ರಿ," ಎಂದರು.

ಮಾರನೆಯ ದಿನದಿಂದ ಬಾಗಿಲ ಎಡಗಡೆಯ ಮೂಲೆ ಮಂಕರಿಯದಾಯಿತು. ಹೇಳುವುದಕ್ಕೆ ಸುಲಭ. ಚಾಮರಾಜನಗರದಿಂದ ಬದನಗುಪ್ಪೆಯವರೆಗೆ, ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ, ಆ ಮೂಲೆಯನ್ನು ಖಾಲಿ ಇಟ್ಟುಕೊಂಡು ಹೋಗಬೇಕಲ್ಲ? ಅದಕ್ಕೆ ಮೇಷ್ಟ್ರೇ ಅಲ್ಲಿ ನಿಂತರು. ಕೊಡೆಯನ್ನು ಅಡ್ಡ ಹಿಡಿದು, ಬೆನ್ನನ್ನು ಜನರಿಗೆ ಕೊಟ್ಟು, ಗೋಡೆಗೆ ಮುಖ ಮಾಡಿ. ಹೊಸಬರು ಯಾರಾದರೂ, "ಅಲ್ ಖಾಲಿ ಅದಲ್ಲಾ, ಸರ್ಕಳಿ," ಎಂದರೆ ಅವರದು ಒಂದೇ ಮಾತು:

"ಇದು ಖಾಲಿ ಅಲ್ಲ ಕಣಪ್ಪ. ಜನ ಬದನಗುಪ್ಪೇಲಿ ಅವ್ರೆ."

ನಾನು ಅವರನ್ನು ಮೆಚ್ಚಿದ್ದು ಇದಕ್ಕಾಗಿ. ವಾರ್ಡು ತುಂಬಿ ನೆಲದ ಮೇಲೆ ಚಾಪೆ ಹಾಸಿರುವಾಗ, ಯಾವ ಕ್ಷಣದಲ್ಲಾದರೂ ಬರಬಹುದಾದ ರೋಗಿಗೆಂದು ಒಂದು ಹಾಸಿಗೆಯನ್ನು ಖಾಲಿ ಇಟ್ಟುಕೊಂಡವರಿಗೆ ಅದರ ಕಷ್ಟ ಗೊತ್ತು. ಎಲ್ಲರೂ ಬೈಯುತ್ತಾರೆ. ಕಣ್ಣೆದುರು ಇಲ್ಲದವರ ಪರವಾಗಿ ಕಣ್ಣೆದುರು ಇರುವವರ ಬೈಗುಳ ತಿನ್ನಬೇಕು. ಮೇಷ್ಟ್ರು ವರ್ಷಗಟ್ಟಲೆ ತಿಂದರು. ನಾನು ಕಂಡಂತೆ ಬೆಳಗಿನ ರೈಲಿನಲ್ಲಿ ಅವರು ಒಂದು ದಿನವೂ ಕೂರಲಿಲ್ಲ.

ಹಾಗೆಂದು ಅವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಬಹಳ ಮಾತಾಡುತ್ತಿದ್ದರು. ಕಡಲೆಕಾಯಿ ತಿಂದು ಸಿಪ್ಪೆಯನ್ನು ಅಂಗಿಯ ಜೇಬಿಗೆ ತುಂಬಿಕೊಂಡು, ಆಮೇಲೆ ಅದೇ ಜೇಬಿನಿಂದ ಪಾಸು ತೆಗೆಯಲು ಹೋಗಿ ಟಿಕೆಟ್ ಕಲೆಕ್ಟರರ ಕೈಗೆ ಸಿಪ್ಪೆ ಸುರಿಯುತ್ತಿದ್ದರು. ಡಬ್ಬಿಯ ಜನರನ್ನೆಲ್ಲ ಜೋಡಿಸುವ ಮನುಷ್ಯನಿಗೆ ಮನೆಯಲ್ಲಿ ತನ್ನ ಕನ್ನಡಕ ಎಲ್ಲಿದೆ ಎಂದು ಗೊತ್ತಿರುತ್ತಿರಲಿಲ್ಲ. "ರೈಲಲ್ಲಿ ಎಲ್ಲಾರ್ಗೂ ಜಾಗ ಮಾಡ್ತಾರೆ, ಮನೇಲಿ ಒಂದ್ ಸಾಮಾನು ಜಾಗದಲ್ಲಿಡಲ್ಲ," ಎಂದು ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು. ಜೊತೆಗೆ ರೈಲಿನ ಹುಚ್ಚು. ಗುಂಡ್ಲುಪೇಟೆಗೆ ಊಟಿಯ ಬಸ್ಸು ಬರುತ್ತದೆ, ಕೇರಳದ ಲಾರಿ ಬರುತ್ತದೆ, ರೈಲು ಬರುವುದಿಲ್ಲ. ಚಿಕ್ಕಂದಿನಲ್ಲಿ ರೈಲು ನೋಡಲು ಮಾವನ ಸೈಕಲ್ಲಿನ ಹಿಂದೆ ಕೂತು ಚಾಮರಾಜನಗರಕ್ಕೆ ಬಂದಿದ್ದರಂತೆ. ಅಂದು ರೈಲು ಹೊರಟುಹೋಗಿತ್ತು. ಬರೀ ಹಳಿ ನೋಡಿಕೊಂಡು ವಾಪಸು ಹೋದರಂತೆ. ಮೈಸೂರಿನಲ್ಲಿ ಕೆಲಸ ಸಿಕ್ಕಾಗ ಗುಂಡ್ಲುಪೇಟೆಯಿಂದ ನೇರವಾದ ಬಸ್ಸಿದ್ದರೂ ಬಿಟ್ಟು, ಚಾಮರಾಜನಗರದಲ್ಲಿ ಮನೆ ಹಿಡಿದದ್ದು ಈ ರೈಲಿಗಾಗಿಯೇ.

ಒಂದು ಸೋಮವಾರ ಅವರು ಹತ್ತುವಾಗಲೇ ಉಬ್ಬಿಹೋಗಿದ್ದರು.

"ಸಿಸ್ಟರ್, ರಾತ್ರಿ ಟಿವಿ ನೋಡಿದ್ರಾ? ಜಪಾನಿನಲ್ಲಿ ಮಹಡಿ ರೈಲು! ನಿಜವಾದ ಮಹಡಿ! ಮೇಲೊಂದು ಅಂತಸ್ತು, ಕೆಳಗೊಂದು ಅಂತಸ್ತು, ಬಾಣದ ಹಾಗೆ ಓಡ್ತದೆ. ಯಾರಿಗೆ ಮಾಡಿದ್ದಾರೆ ಗೊತ್ತಾ? ಮಂತ್ರಿಗಳಿಗಲ್ಲ. ದಿನಾ ಕೆಲಸಕ್ಕೆ ಹೋಗಿ ಬರೋರಿಗೆ. ನಮ್ಮಂಥೋರಿಗೆ!"

ಕೆಳಗಿನ ಅಂತಸ್ತಿನ ಕಿಟಕಿ ಪ್ಲಾಟ್‌ಫಾರಂ ಮಟ್ಟಕ್ಕಿರುತ್ತದೆ, ಒಳಗೆ ಕೂತವರಿಗೆ ಹೊರಗೆ ನಿಂತವರ ಕಾಲು ಮಾತ್ರ ಕಾಣುತ್ತದೆ ಎಂದು ಕೈಯಲ್ಲಿ ಮಾಡಿ ತೋರಿಸಿದರು. ಪುಟ್ಟತಾಯಮ್ಮ ಮಂಕರಿಯ ಪಕ್ಕ ಕುಕ್ಕರಗಾಲಲ್ಲಿ ಕೂತವಳು, "ನನ್ ಇಮ್ಮಡಿ ಬಿರುಕು ನೋಡಕೆ ಅಷ್ಟ್ ದೊಡ್ ರೈಲ್ ಯಾಕೆ ಮೇಷ್ಟ್ರೇ, ಈಗ್ಲೇ ನೋಡ್ಕಳಿ," ಎಂದು ಒಡೆದ ಹಿಮ್ಮಡಿ ಚಾಚಿದಳು.

ಮೇಷ್ಟ್ರು ನಗಲಿಲ್ಲ. ಅವರ ತಲೆ ಆಗಲೇ ಕೆಲಸ ಮಾಡುತ್ತಿತ್ತು. ಒಂದು ತಿಂಗಳು ರಟ್ಟು, ಬಣ್ಣ, ಮೈದಾ ಅಂಟು ಎಂದು ಮನೆಯೆಲ್ಲ ಹರಡಿಕೊಂಡು ಮಹಡಿ ರೈಲಿನ ಮಾದರಿ ಮಾಡಿದರು. ಸಂಜೆಯ ರೈಲಿನಲ್ಲಿ ಜನ ಕಡಿಮೆ. ಅಲ್ಲಿಗೆ ತಂದು ಸೀಟಿನ ಮೇಲಿಟ್ಟು ಹೊದಿಕೆ ತೆಗೆದರು. ನೀಲಿ ಬಣ್ಣ, ಚೂಪು ಮೂತಿ, ಎರಡು ಸಾಲು ಕಿಟಕಿ. ಕಿಟಕಿಗಳಲ್ಲಿ ನಾವೆಲ್ಲ ಇದ್ದೆವು. ಬಿಳಿ ಟೋಪಿಯ ನಾನು ಕೆಳಗೆ, ಆಳೆತ್ತರದ ಕಾರ್ಖಾನೆಯವನು ಮೇಲೆ ಕತ್ತು ಬಗ್ಗಿಸಿಕೊಂಡು, ಬ್ಯಾಂಕಿನವರ ಅಂಗಿಯ ಮೇಲೆ ಸಾರಿನ ಕಲೆ ಕೂಡ.

ಎಲ್ಲರೂ ತಂತಮ್ಮನ್ನು ಹುಡುಕಿಕೊಂಡು ಗಲಾಟೆ ಮಾಡುತ್ತಿರುವಾಗ ಪುಟ್ಟತಾಯಮ್ಮ ಬಗ್ಗಿ ಸುತ್ತಲೂ ನೋಡಿ ಕೇಳಿದಳು: "ಇದು ನಮ್ಮೂರಲ್ಲಿ ನಿಂತದಾ?"

"ಇಲ್ಲ ಕಣಮ್ಮ. ಇದು ವೇಗದ ರೈಲು. ನಂಜನಗೂಡಲ್ಲಿ ಒಂದ್ ಸಲ ನಿಂತ್ರೆ ಸೀದಾ ಮೈಸೂರು."

"ಅಂಗಾದ್ರೆ ನಾನು ಎಲ್ಲಿವ್ನಿ ಇದ್ರಲ್ಲಿ?"

ಮೇಷ್ಟ್ರು ಒಂದು ಕಿಟಕಿ ತೋರಿಸಿದರು. ಅಲ್ಲಿ ಹಸಿರು ಸೀರೆಯ ಪುಟ್ಟತಾಯಮ್ಮ ಇದ್ದಳು.

"ನಿಲ್ದೇ ಇರೋ ರೈಲ್ಗೆ ನಾನ್ ಎಂಗ್ ಅತ್ತಿದೆ? ಆರ್ಕಂಡ್ ಬಂದ್ನಾ? ಮಂಕ್ರಿ ಎಲ್ಲದೆ?"

ಮಂಕರಿ ಇರಲಿಲ್ಲ. ಎರಡನೆಯ ಸಲವೂ ಅದನ್ನೇ ಮರೆತಿದ್ದರು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಮೇಷ್ಟ್ರು ಹೊದಿಕೆ ಮುಚ್ಚಿ, ಊರು ಬರುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತರು. ಓದಿದವರು ತಪ್ಪು ಹಿಡಿದರೆ ವಾದಕ್ಕೆ ನಿಲ್ಲುತ್ತಿದ್ದವರು, ಅವಳ ಮಾತಿಗೆ ಮಾತ್ರ ವಾದ ಮಾಡುತ್ತಿರಲಿಲ್ಲ.

ಮುಂದಿನ ವಾರ ಅದೇ ಮಾದರಿ ಮತ್ತೆ ಬಂತು. ಬಾಗಿಲು ಅಗಲವಾಗಿತ್ತು. ಮೆಟ್ಟಿಲ ಕೆಳಗೆ ಒಂದು ಗೂಡು, ಗೂಡಿನಲ್ಲಿ ಹಳದಿ ಬಣ್ಣ ತುಂಬಿದ ಬೆರಳುಗಾತ್ರದ ಮಂಕರಿ. ಪಕ್ಕದಲ್ಲಿ ಬರೆದಿದ್ದರು: ಎಲ್ಲ ನಿಲ್ದಾಣಗಳಲ್ಲೂ ನಿಲುಗಡೆ ಇದೆ.

"ಎಲ್ಲ ಕಡೆ ನಿಂತರೆ ವೇಗದ ರೈಲು ಹೇಗಾಯಿತು?" ಎಂದು ನಾನು ಕೇಳಿದೆ. "ಮೇಲಾಗಿ ಮೆಟ್ಟಿಲು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ನಿಮ್ಮ ವೇಗವೆಲ್ಲ ಮುಗಿಯುತ್ತದೆ."

"ಅಲ್ಲ ಸಿಸ್ಟರ್. ನಮ್ ರೈಲು ನಿಧಾನ ಆಗೋದು ಓಡುವಾಗ ಅಲ್ಲ, ಹತ್ತುವಾಗ. ಬಾಗಿಲಲ್ಲಿ ಗುದ್ದಾಡಿ ಗುದ್ದಾಡಿ. ಇಳಿಯೋರು ಮೊದಲು ಬಾಗಿಲ ಹತ್ರ ಬರ್ಬೇಕು, ಹತ್ತೋರ ಜಾಗ ಮೊದಲೇ ಖಾಲಿ ಇರ್ಬೇಕು. ಅಷ್ಟಾದ್ರೆ ಎಲ್ಲಾ ಊರಲ್ಲೂ ನಿಲ್ಸಿ, ಬೇಗ್ನೇ ಓಗ್ಬೋದು."

ನನಗೆ ಕನಸುಗಳಲ್ಲಿ ಆಸಕ್ತಿಯಿಲ್ಲ. ಆದರೆ ಇದರಲ್ಲಿ ಕನಸು ಕಡಿಮೆ, ಕ್ರಮ ಹೆಚ್ಚು ಎನ್ನಿಸಿತು. ಮೆಟ್ಟಿಲ ವಿಷಯಕ್ಕೆ ಮಾತ್ರ ಅವರು ಕೊನೆಯವರೆಗೂ ಸರಿಯಾದ ಉತ್ತರ ಕೊಡಲಿಲ್ಲ.

ಆಮೇಲೆ ಬ್ರಾಡ್‌ಗೇಜಿಗೆಂದು ಹಳಿ ಕಿತ್ತರು. ಕೆಲವು ವರ್ಷ ನಾವೆಲ್ಲ ಬಸ್ಸಿಗೆ ಬಿದ್ದೆವು. ಬಸ್ಸಿನಲ್ಲಿ ಮೇಷ್ಟ್ರು ಪಥ್ಯದ ರೋಗಿಯ ಹಾಗೆ ಮಂಕಾಗಿರುತ್ತಿದ್ದರು. ಮತ್ತೆ ರೈಲು ಶುರುವಾದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟುಕೊಂಡು ಬಂದರು. ಹೊಸ ಹಳಿ, ಅಗಲ ಡಬ್ಬಿ. ಮಹಡಿಯಿಲ್ಲದಿದ್ದರೇನು, ಅಗಲವಾಯಿತಲ್ಲ ಎಂದು ಕೈಯಗಲಿಸಿ ಅಳತೆ ನೋಡಿದರು. ಆದರೆ ಡಬ್ಬಿ ಅಗಲವಾದಷ್ಟೂ ಜನ ಬಂದಿದ್ದರು. ಅರ್ಧಕ್ಕರ್ಧ ಹೊಸಬರು. ಟವಲುಗಳು ಮತ್ತೆ ಸೀಟಿನ ಮೇಲೆ ಕೂತಿದ್ದವು.

ಮೇಷ್ಟ್ರು ಮೂಲೆ ಹಿಡಿದು ನಿಂತರು. ಆದರೆ ಬದನಗುಪ್ಪೆಗೆ ಮುಂಚಿನ ಮರಿಯಾಲದಲ್ಲಿ ನುಗ್ಗಿದ ಗುಂಪು ಅವರನ್ನು ಕೊಡೆಸಮೇತ ಗೋಡೆಗೆ ಒತ್ತಿಬಿಟ್ಟಿತು. ಬದನಗುಪ್ಪೆಯಲ್ಲಿ ಪುಟ್ಟತಾಯಮ್ಮ ಬಾಗಿಲ ಕೆಳಗೆ ಮಂಕರಿ ಎತ್ತಿ ಹಿಡಿದು, "ಮೇಷ್ಟ್ರೇ! ಮೇಷ್ಟ್ರೇ!" ಎಂದು ಕೂಗುತ್ತಿದ್ದಳು. ಬಾಗಿಲಲ್ಲಿದ್ದವರು ಒಂದು ಅಂಗುಲವೂ ಸರಿಯಲಿಲ್ಲ. "ಮುಂದಿನ್ ರೈಲ್ಗೆ ಬಾಮ್ಮ," ಎಂದ ಒಬ್ಬ. ಬೆಳಗಿನ ಹೂವಿಗೆ ಮುಂದಿನ ರೈಲೆಂಬುದಿಲ್ಲ. ಮಾರ್ಕೆಟ್ಟು ಮುಗಿದ ಮೇಲೆ ಅದು ಕಸ.

ಗಾರ್ಡು ಶಿಳ್ಳೆ ಹಾಕಿದ. ಆಗ ಮೇಷ್ಟ್ರು ಜನರ ಕಂಕುಳ ಕೆಳಗೆ ತೂರಿ ಕೆಳಗಿಳಿದುಬಿಟ್ಟರು. ರೈಲು ಹೊರಟಿತು. ಹೊಸ ಪ್ಲಾಟ್‌ಫಾರಮ್ಮಿನ ಮೇಲೆ ಇಸ್ತ್ರಿ ಅಂಗಿಯ ಮೇಷ್ಟ್ರೂ ಮಂಕರಿಯೂ ಪುಟ್ಟತಾಯಮ್ಮನೂ ಚಿಕ್ಕದಾಗುತ್ತ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮಂಕರಿಯ ಇನ್ನೊಂದು ಕಿವಿ ಅವರೇ ಹಿಡಿದುಕೊಂಡು ರಸ್ತೆಗೆ ಹೋಗಿ, ಕೈ ಅಡ್ಡ ಹಾಕಿ ತರಕಾರಿ ಲಾರಿಯೊಂದನ್ನು ನಿಲ್ಲಿಸಿ, ಮಾರ್ಕೆಟ್ಟಿಗೆ ಮುಟ್ಟಿಸಿ ಶಾಲೆಗೆ ತಡವಾಗಿ ಹೋದರೆಂದು ಸಂಜೆ ಗೊತ್ತಾಯಿತು. ಹೆಡ್‌ಮಾಸ್ಟರು ಕಾರಣ ಕೇಳಿದರಂತೆ. "ಜಾಗ ಕೊಡ್ತೀನಿ ಅಂದಿದ್ದೆ, ಕೊಡಕ್ಕಾಗ್ಲಿಲ್ಲ, ಅದಕ್ಕೆ ಇಳಿದೆ," ಎಂದರಂತೆ. ಹೆಡ್‌ಮಾಸ್ಟರಿಗೆ ಅರ್ಥವಾಗಿರಲಾರದು.

ಮಾರನೆಯ ದಿನದಿಂದ ಮೊದಲಿನಿಂದ ಶುರು. ಟವಲುಗಳನ್ನು ಸರಳಿಗೆ ಹಾಕುವುದು, ಹೊಸಬರಿಗೆ ಹೇಳುವುದು, ಬೈಸಿಕೊಳ್ಳುವುದು. ಅವರ ನಿವೃತ್ತಿಯ ದಿನದವರೆಗೆ ಆ ಮೂಲೆ ಬದನಗುಪ್ಪೆಗೆ ಖಾಲಿಯಾಗಿಯೇ ಮುಟ್ಟಿತು. ಆಮೇಲೂ ಊರು ಬಿಡುವ ದಿನದ ಬೆಳಗಿನವರೆಗೆ, ಮೈಸೂರಿನಲ್ಲಿ ಏನೂ ಕೆಲಸವಿಲ್ಲದಿದ್ದರೂ, ಬೆಳಗ್ಗೆ ಹತ್ತಿ ಬದನಗುಪ್ಪೆಯಲ್ಲಿ ಮಂಕರಿ ಒಳಗೆ ತೆಗೆದುಕೊಂಡು, ತಾವು ಇಳಿದು ಬಸ್ಸಿನಲ್ಲಿ ವಾಪಸು ಬರುತ್ತಿದ್ದರು.

ಆದ್ದರಿಂದಲೇ ಪುಟ್ಟತಾಯಮ್ಮನ ಪ್ರಶ್ನೆ. ಮಾರನೆಯ ದಿನ ಸೋಮವಾರ.

ಟೆಂಪೊ ತುಂಬಿಸುವುದರಲ್ಲಿ ಮೇಷ್ಟ್ರು ತಮ್ಮ ಪದ್ಧತಿಯನ್ನೇ ನಡೆಸಿದರು. ಭಾರವಾದದ್ದು ಕೆಳಗೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಗುರವಾದದ್ದು. ಬೀರು, ರುಬ್ಬುವ ಕಲ್ಲು, ಮಂಚ ಕೆಳ ಅಂತಸ್ತು. ಹಾಸಿಗೆ, ಪಾತ್ರೆ ಚೀಲ, ಕುರ್ಚಿ ಮಹಡಿ. ಮಹದೇವ ಕೈಕಟ್ಟಿ ನೋಡುತ್ತ, "ಮೇಷ್ಟ್ರೇ, ಎರಡ್ ಟ್ರಿಪ್ ಸಾಮಾನು ಒಂದ್ರಲ್ ತುಂಬ್ಬುಟ್ರಲ್ಲ, ನನ್ ಹೊಟ್ಟೆ ಮ್ಯಾಲೆ ಹೊಡುದ್ರಿ," ಎಂದ. ಮುಂದಿನ ಸೀಟಿನಲ್ಲಿ ಅವನ ಪಕ್ಕ ಮೇಷ್ಟ್ರ ಹೆಂಡತಿ, ಅವರ ತೊಡೆಯ ಮೇಲೆ ದೇವರ ಪಟಗಳು. ಇನ್ನೊಂದು ಪಕ್ಕದಲ್ಲಿ ಹಳೆಯ ಸೀರೆ ಸುತ್ತಿದ ಮಹಡಿ ರೈಲಿನ ಮಾದರಿ.

ಪುಟ್ಟತಾಯಮ್ಮ ಟೆಂಪೊವನ್ನು ಒಂದು ಸುತ್ತು ಹಾಕಿದಳು.

"ಎಲ್ಲಾ ಕೂತ್ಗತು. ನೀವ್ ಎಲ್ಲಿ ಕೂತ್ಗತೀರಿ ಮೇಷ್ಟ್ರೇ?"

ಮೇಷ್ಟ್ರು ನೋಡಿದರು. ಜಾಗವಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಬಸ್ಸಲ್ಲಿ ಬತ್ತೀನಿ ಬುಡು. ನಿಂತ್ಕಂಡ್ ಓದ್ರಾಯ್ತು, ಅಭ್ಯಾಸ ಅದೆ."

"ನಿಂತ್ಕಂಡ್ ಓಯ್ತಾರಂತೆ! ಅಮ್ಮಾರೆ, ನೋಡಿ ನಿಮ್ ಯಜಮಾನ್ರ ಯವಸ್ತೆಯ!" ಎಂದವಳೇ ಮಾದರಿಯನ್ನು ಮುಂದಿನ ಸೀಟಿನಿಂದ ಎತ್ತಿ ತನ್ನ ಖಾಲಿ ಮಂಕರಿಯೊಳಗಿಟ್ಟಳು. ಅಳತೆ ಮಾಡಿಸಿದ ಹಾಗೆ ಕೂತಿತು. ಆಳುಗಳಿಗೆ ಹೇಳಿ ಮಂಕರಿಯನ್ನು ಮಹಡಿಯ ತುತ್ತತುದಿಗೆ ಏರಿಸಿ ಹಗ್ಗ ಬಿಗಿಸಿದಳು. ಮುಂದಿನ ಸೀಟು ತೆರವಾಯಿತು. ಒಬ್ಬ ಆಳು ಒಳಗಿನಿಂದ ಮರೆತುಹೋಗಿದ್ದ ಕೊಡಪಾನ ತಂದು, ಖಾಲಿಯಿದೆಯಲ್ಲ ಎಂದು ಅಲ್ಲಿಡಲು ಹೋದ. ಪುಟ್ಟತಾಯಮ್ಮ ಬಾಗಿಲಿಗೆ ಕೈ ಅಡ್ಡ ಚಾಚಿದಳು.

"ಏಯ್, ಅದು ಖಾಲಿ ಅಲ್ಲ ಕಣ್ಲಾ. ಜನ ಅವ್ರೆ."

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ಹತ್ತಿ ಕೂತರು. ಅವರು ಹೇಳಿದ್ದನ್ನು ಕೇಳಿ ಜನ ಕೂತದ್ದನ್ನು ಕಂಡಿದ್ದೆ. ಅವರು ಇನ್ನೊಬ್ಬರು ಹೇಳಿದ್ದನ್ನು ಕೇಳಿ ಕೂತದ್ದನ್ನು ಕಂಡದ್ದು ಅಂದೇ.

ಕೂತವರು ನೆಮ್ಮದಿಯಾಗಿರಲಿಲ್ಲ. "ಅಲ್ಲ, ನಾಳೆ ಮೂಲೆ..." ಎಂದು ಶುರುಮಾಡಿದರು.

ಪಾಳಿ ಬದಲಾಗುವಾಗ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಹೋಗುವವರು ಬರುವವರಿಗೆ ಪ್ರತಿ ಹಾಸಿಗೆಯ ಮುಂದೆ ನಿಂತು ಚಾರ್ಜ್ ಕೊಡಬೇಕು. ಕೊಡದೆ ಹೋಗುವ ಹಾಗಿಲ್ಲ. ನಾನು ಟೆಂಪೊ ಬಾಗಿಲ ಹತ್ತಿರ ಹೋದೆ. ನನ್ನ ನೌಕರಿ ಇನ್ನೂ ಬಾಕಿಯಿತ್ತು, ದಿನಾ ಹತ್ತುವುದು ಅದೇ ರೈಲು.

"ಚಾರ್ಜ್ ಕೊಡಿ ಮೇಷ್ಟ್ರೇ."

ಅವರಿಗೆ ತಕ್ಷಣ ಅರ್ಥವಾಯಿತು. ನೆಟ್ಟಗೆ ಕೂತರು. "ಬಾಗಿಲ ಎಡಗಡೆ, ಸಿಸ್ಟರ್. ಕೊಡೆ ಅಡ್ಡ, ಸೊಂಟದ ಎತ್ತರಕ್ಕೆ. ಮರಿಯಾಲದಲ್ಲಿ ಹತ್ತೋರು ಜೋರಾಗಿ ಒತ್ತಾರೆ, ಅಲ್ಲಿ ಗೋಡೆಗೆ ಕೈ ಊರ್ಕೊಳ್ಳಿ. ಬದನಗುಪ್ಪೆ ಸಿಗ್ನಲ್ ದಾಟಿದ ಮೇಲೆ ಒಂದ್ ಹೆಜ್ಜೆ ಹಿಂದಕ್ಕೆ. ಮಂಕ್ರಿ ಒಳಗ್ ಬಂದ್ಮೇಲೆ ನಿಮ್ ಕಿಟಕಿ ಸೀಟು... ಅದನ್ನ ಹುಡುಗರು ಹಿಡಿದಿರ್ತಾರೆ, ನಾನ್ ಹೇಳಿದೀನಿ."

"ತಗೊಂಡೆ," ಎಂದೆ.

"ಸಿಸ್ಟರಮ್ಮನಿಗೆ ಕೊಡೆ ಯಾಕೆ ಬುಡಿ," ಎಂದು ಪುಟ್ಟತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಒಂದ್ ಸೂಜಿ ತಗ್ದು ತೋರ್ಸುದ್ರೆ ಸಾಕು, ಡಬ್ಬಿ ಪೂರಾ ಖಾಲಿ."

ಮೇಷ್ಟ್ರು ಜೋರಾಗಿ ನಕ್ಕರು. ಮಹದೇವ ಗಾಡಿ ಶುರುಮಾಡಿದ. ಹಾಸಿಗೆ, ಕುರ್ಚಿ, ಪಾತ್ರೆಗಳ ಮೇಲೆ, ಮಂಕರಿಯೊಳಗಿನಿಂದ ನೀಲಿ ಚೂಪು ಮೂತಿ ಸೀರೆಯ ಆಚೆ ಇಣುಕುತ್ತಿತ್ತು. ರೈಲು ಬಾರದ ಊರಿಗೆ ರೈಲು ಹೊರಟಿತ್ತು.

"ಮೇಷ್ಟ್ರೇ! ದಾರೀಲಿ ತೆರಕಣಾಂಬೀಲಿ ನಿಂತದಾ?" ಎಂದು ಪುಟ್ಟತಾಯಮ್ಮ ಕೂಗಿದಳು.

ಕಿಟಕಿಯಿಂದ ಕೈ ಹೊರಬಂತು. "ಎಲ್ಲಾ ಕಡೆ ನಿಂತದೆ!"

"ನನ್ ಮಂಕ್ರಿ ವಾಪಸ್ ಕಳ್ಸಿ!"

ಅದಕ್ಕೂ ಕೈ ಅಲ್ಲಾಡಿತು.

ಅವಳು ಹೊಸ ಮಂಕರಿ ಕೊಳ್ಳಲು ಅಂಗಡಿಬೀದಿಗೆ ಹೋದಳು. ನಾನು ಒಳಗೆ ಹೋಗಿ ಕೋಣೆಗಳನ್ನು ಗುಡಿಸಿದೆ. ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿತು, ಅದನ್ನೂ ತೆಗೆದೆ. ಬೀಗ ಹಾಕಿ ಕೀಲಿಯನ್ನು ಮನೆಯ ಮಾಲೀಕರಿಗೆ ಕೊಟ್ಟೆ. ಮನೆಗೆ ಬಂದು ಯೂನಿಫಾರಂ ಇಸ್ತ್ರಿ ಮಾಡಿ, ಬೆಳಗಿನ ಚೀಲ ಜೋಡಿಸಿದೆ. ಕಡು ಬೇಸಿಗೆ, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬೀರುವಿನ ಹಿಂದಿನಿಂದ ನನ್ನ ಕೊಡೆಯನ್ನು ತೆಗೆದು, ಧೂಳು ಒರೆಸಿ, ಚೀಲದ ಪಕ್ಕ ಇಟ್ಟೆ.